ಅರ್ಧ ಸುತ್ತಿನ ಅಕ್ಕ

ಆ ಕಾರ್ಖಾನೆಯಲ್ಲಿ ಯಾರು ಯಾರನ್ನು ಬೇಕಾದರೂ ಆಡಿಕೊಳ್ಳಬಹುದಿತ್ತು. ಯಜಮಾನಿಯ ನಕ್ಷೆಯಲ್ಲಿ ತಪ್ಪಿದ್ದರೆ ಮುಖಕ್ಕೆ ಹೇಳಬಹುದಿತ್ತು. ಬಣ್ಣದಣ್ಣ ಹಚ್ಚಿದ ಕೆಂಪು ಕೆಂಪೇ ಅಲ್ಲ, ಇಟ್ಟಿಗೆ ಪುಡಿ ಎಂದು ಜಗಳ ತೆಗೆಯಬಹುದಿತ್ತು. ಚಹಾ ಚಹಾದ ಹಾಗಿಲ್ಲ ಎಂದು ಲೋಟ ವಾಪಸ್ಸು ಕಳಿಸಬಹುದಿತ್ತು. ಆದರೆ ಅಕ್ಕನ ಅರ್ಧ ಸುತ್ತಿನ ಬಗ್ಗೆ ಮಾತ್ರ ಮೂವತ್ತೊಂದು ವರ್ಷದಲ್ಲಿ ಒಬ್ಬರೂ ಚಕಾರ ಎತ್ತಿರಲಿಲ್ಲ.

ಕಾರ್ಖಾನೆ ಎಂದ ತಕ್ಷಣ ಹೊಗೆಗೂಡು, ಸೈರನ್ನು ಎಂದೆಲ್ಲ ಊಹಿಸಿಕೊಳ್ಳಬೇಡಿ. ಪ್ಲೈವುಡ್ ಅಂಗಡಿಯ ಮೇಲಿನ ಎರಡು ಅಂತಸ್ತು, ಕೆಲಸಕ್ಕೆ ಹನ್ನೊಂದು ಜನ, ಮೆಟ್ಟಿಲು ಹತ್ತುವಾಗಲೇ ಮೂಗಿಗೆ ಅಡರುವ ಬಣ್ಣದ ವಾಸನೆ, ಇಷ್ಟೇ. ಅಲ್ಲಿ ತಯಾರಾಗುತ್ತಿದ್ದದ್ದು ಸ್ಲಾಟ್ ಕಾರು. ಕನ್ನಡಕದ ಡಬ್ಬಿಯಷ್ಟು ಉದ್ದದ ರೇಸ್ ಕಾರು, ಅದರ ಮೂಗಿನ ಕೆಳಗೆ ಒಂದು ಪುಟ್ಟ ನಾಲಿಗೆ. ಮರದ ಟ್ರ್ಯಾಕಿನ ಉದ್ದಕ್ಕೂ ಕೊರೆದ ಸೀಳಿನೊಳಗೆ ಆ ನಾಲಿಗೆ ಕೂತರೆ, ಪಕ್ಕದ ತಾಮ್ರದ ಪಟ್ಟಿಯಿಂದ ಕರೆಂಟು ಹತ್ತಿ ಕಾರು ಓಡುತ್ತದೆ. ಸ್ಟೀರಿಂಗ್ ಇಲ್ಲ, ಗೇರ್ ಬದಲಿಸುವ ರಗಳೆ ಇಲ್ಲ. ಕೈಯಲ್ಲಿರುವ ಟ್ರಿಗರ್ ಒತ್ತಿದಷ್ಟೂ ವೇಗ. ತಿರುವಿನಲ್ಲಿ ಬೆರಳು ಸಡಿಲಿಸದಿದ್ದರೆ ಕಾರು ಸೀಳು ಬಿಟ್ಟು ಹಾರಿ ಎದುರು ನಿಂತವರ ಕಾಲ ಬಳಿ ಬೀಳುತ್ತದೆ. ಇದು ಮಕ್ಕಳಾಟ ಎಂದವರನ್ನು ಅಕ್ಕ ಟ್ರ್ಯಾಕಿನ ಮುಂದೆ ನಿಲ್ಲಿಸಿ ಕೈಗೆ ಟ್ರಿಗರ್ ಕೊಡುತ್ತಿದ್ದಳು. ಮೂರನೆಯ ತಿರುವು ಬರುವುದರೊಳಗೆ ಅವರ ಅಭಿಪ್ರಾಯ ಬದಲಾಗುತ್ತಿತ್ತು.

ಅಕ್ಕನದು ಕೊನೆಯ ಮೇಜು. ಬೇರೆ ಮೇಜುಗಳಲ್ಲಿ ತಯಾರಾದ ಮೋಟರು, ಗೇರು, ಟೈರು, ಬಣ್ಣ ಹಚ್ಚಿದ ಬಾಡಿ ಎಲ್ಲ ಬಿಡಿಬಿಡಿಯಾಗಿ ಅಲ್ಲಿಗೆ ಬಂದು, ಅವಳ ಕೈ ದಾಟಿ ಕಾರಾಗಿ ಹೊರಗೆ ಹೋಗುತ್ತಿದ್ದವು. ವಯಸ್ಸು ಐವತ್ತೆರಡು. ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ, ಕಡ್ಡಿ ಮುರಿದ ಹಾಗೆ ಮಾತು. ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು. ಅವರ ಅಂಗಡಿಯಲ್ಲಿ ಸಣ್ಣ ಸ್ಕ್ರೂಗಳ ಜೊತೆಯಲ್ಲೇ ಬೆಳೆದವಳು. ಅವಳಿಗಿಂತ ನಾಲ್ಕು ವರ್ಷ ದೊಡ್ಡವನಾದ ಬಣ್ಣದಣ್ಣನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. "ವಯಸ್ಸಿಗಲ್ಲ, ಬಾಯಿಗೆ ಹೆದರಿ" ಎನ್ನುತ್ತಿದ್ದ. ಕಾರುಗಳಿಗೆ ಬಣ್ಣ ಹೊಡೆದು, ನಂಬರು, ಪಟ್ಟೆ, ಚಿತ್ರಗಳನ್ನು ಒತ್ತುವುದು ಅವನ ಕೆಲಸ. ಊರಿನ ಸುದ್ದಿಯೆಲ್ಲ ಅವನ ಬಾಯಲ್ಲಿ. ಅವನ ಹೊಟ್ಟೆಯಲ್ಲಿ ಒಂದು ಗುಟ್ಟು ಸಂಜೆತನಕ ಉಳಿದರೆ ಅಜೀರ್ಣವಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಇನ್ನು ಅರ್ಧ ಸುತ್ತು. ಬಾಡಿಯನ್ನು ಕೆಳಗಿನ ಚಾಸಿಗೆ ಹಿಡಿಯುವ ನಾಲ್ಕು ಸ್ಕ್ರೂಗಳನ್ನು ಮೊದಲು ಪೂರ್ತಿ ಬಿಗಿಯಬೇಕು, ಆಮೇಲೆ ಒಂದೊಂದನ್ನೂ ಅರ್ಧ ಸುತ್ತು ಹಿಂದಕ್ಕೆ ಬಿಡಬೇಕು. ಆಗ ಬಾಡಿ ಕಂಡೂ ಕಾಣದಷ್ಟು ಅಲುಗುತ್ತದೆ, ತಿರುವಿನಲ್ಲಿ ಕಾರು ಮೊಂಡು ಹಿಡಿಯುವುದಿಲ್ಲ. ಬೇರೆಯವರ ಕಾರು ಹಾರಿ ಬೀಳುವ ವೇಗದಲ್ಲಿ ಇವರ ಕಾರು ಹಾಯಾಗಿ ಹೋಗುತ್ತಿತ್ತು. ಈಗಿಲ್ಲದ ದೊಡ್ಡ ಯಜಮಾನರು ಪ್ರತಿ ಡಬ್ಬಿಯೊಳಗಿನ ಸೂಚನೆ ಹಾಳೆಯಲ್ಲೂ ಒಂದು ಸಾಲು ಅಚ್ಚು ಹಾಕಿಸಿದ್ದರು: 'ಕಾರನ್ನು ಬಿಚ್ಚಿ ಮತ್ತೆ ಜೋಡಿಸುವಾಗ ಅಕ್ಕನ ಅರ್ಧ ಸುತ್ತು ಮರೆಯಬೇಡಿ.' ಕೊಂಡವರಿಗೆ ಅಕ್ಕ ಯಾರೆಂದು ಗೊತ್ತಿರಲಿಲ್ಲ. ಆದರೂ ಎಲ್ಲೆಲ್ಲಿಂದಲೋ ಕಾಗದಗಳು ಬರುತ್ತಿದ್ದವು, ಕೊನೆಯಲ್ಲಿ 'ಅಕ್ಕನಿಗೆ ನಮ್ಮ ನಮಸ್ಕಾರ ತಿಳಿಸಿ' ಎಂದು. ಆ ಕಾಗದಗಳನ್ನೆಲ್ಲ ಅವಳು ಮೇಜಿನ ಖಾನೆಯಲ್ಲಿ ಜೋಪಾನವಾಗಿ ಇಟ್ಟಿದ್ದಳು. ಜಂಬ ಇತ್ತೇ? ಇತ್ತು. ಇರಬಾರದೇಕೆ?

ಆ ಜಂಬದ ಬುಡದಲ್ಲಿ ಒಂದು ಮುಳ್ಳೂ ಇತ್ತು. ಅದು ತನ್ನ ಗಂಡನೊಬ್ಬನಿಗೆ ಮಾತ್ರ ಗೊತ್ತು ಎಂದು ಅವಳು ನಂಬಿದ್ದಳು.

ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳು. ಆಗಿನ ಪದ್ಧತಿ ಹೀಗಿತ್ತು: ಮೊದಲು ಎಲ್ಲ ಕಾರುಗಳ ಸ್ಕ್ರೂಗಳನ್ನೂ ಹಗುರವಾಗಿ ಕೂರಿಸುತ್ತ ಹೋಗುವುದು, ಎರಡನೆಯ ಸಲ ಬಂದು ಬಿಗಿ ಮಾಡುವುದು. ಒಂದು ಶನಿವಾರ ಸಂಜೆ, ಮೇಜಿನ ಮೇಲೆ ನಲವತ್ತು ಕಾರು. ಆರು ಗಂಟೆಗೆ ಸಿನಿಮಾ. ಟಾಕೀಸಿನ ಮುಂದೆ ಅವಳಿಗಾಗಿ ಕಾಯುತ್ತಿದ್ದವನು ಈಗ ಸಿಟಿ ಬಸ್ಸು ಓಡಿಸುವ ಅವಳ ಗಂಡ. ಆಗಿನ್ನೂ ಮಾತುಕತೆ ಮುಗಿದು ಮದುವೆ ನಿಕ್ಕಿಯಾಗಿತ್ತಷ್ಟೆ. ಅವಳು ಒಂದು ಸಲ ಸ್ಕ್ರೂ ಕೂರಿಸಿದಳು, ಗಡಿಯಾರ ನೋಡಿದಳು, ಎರಡನೆಯ ಸಲದ ಕೆಲಸಕ್ಕೆ ಕೈ ಮುಗಿದು ಓಡಿಬಿಟ್ಟಳು. ಸಿನಿಮಾದಲ್ಲಿ ಏನು ನಡೆಯಿತು ಎಂದು ಇವತ್ತಿಗೂ ಅವಳಿಗೆ ನೆನಪಿಲ್ಲ. ಕತ್ತಲಲ್ಲಿ ಕೂತಿದ್ದಷ್ಟು ಹೊತ್ತೂ ಕಣ್ಣ ಮುಂದೆ ನೂರ ಅರವತ್ತು ಸಡಿಲ ಸ್ಕ್ರೂಗಳು.

ಸೋಮವಾರ ಬೆಳಿಗ್ಗೆ ಬೇಗ ಬಂದು ಬಿಗಿದುಬಿಡೋಣ ಎಂದರೆ ಮೇಜು ಖಾಲಿ. ಯಜಮಾನರು ಮೇಲಿನ ಅಂತಸ್ತಿಗೆ ಕರೆದರು. ಕೆಲಸ ಹೋಯಿತು ಎಂದುಕೊಂಡೇ ಮೆಟ್ಟಿಲು ಹತ್ತಿದಳು. ನಲವತ್ತು ಕಾರುಗಳೂ ಟ್ರ್ಯಾಕಿನ ಪಕ್ಕ ಸಾಲಾಗಿ ನಿಂತಿದ್ದವು.

"ಇವು ಬೇರೆ ಥರ ಓಡ್ತಿವೆ ಕಣಮ್ಮ, ತುಂಬಾ ಚೆನ್ನಾಗಿ" ಎಂದರು ಯಜಮಾನರು. "ಅರ್ಧ ಸುತ್ತು ಸಡಿಲ ಬಿಟ್ಟಿದ್ದೀಯ. ಯಾಕೆ?"

ಎಷ್ಟು ಸಡಿಲ ಬಿಟ್ಟಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಆದರೆ ಬಾಯಿ ತನ್ನಷ್ಟಕ್ಕೆ ತಾನು ಹೇಳಿಬಿಟ್ಟಿತು: "ಮೈ ಬಿಗಿಯಾಗಿದ್ರೆ ತಿರುವಲ್ಲಿ ಮೊಂಡು ಹಿಡಿಯುತ್ತೆ ಅನ್ನಿಸ್ತು ಸಾರ್. ಅದಕ್ಕೇ."

ಯಜಮಾನರು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಹಾಗಾದ್ರೆ ಇನ್ಮೇಲೆ ಎಲ್ಲಾ ಕಾರಿಗೂ ಹಾಗೇ ಮಾಡು. ಅರ್ಧ ಸುತ್ತು. ಹೆಚ್ಚೂ ಬೇಡ, ಕಮ್ಮೀನೂ ಬೇಡ." ಅಲ್ಲಿಗೆ ಆ ಮಾತು ಮುಗಿಯಿತು, ಅವಳ ಹೆಸರು ಶುರುವಾಯಿತು.

ಈಗ ಹೊಸ ಕಾರಿಗೆ ಬರೋಣ. ದೊಡ್ಡ ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ತು, ಕಾರ್ಖಾನೆ ಮಗಳ ಕೈಗೆ ಬಂದಿತ್ತು. ಹೊರಗಿನವರ ಮುಂದೆ ಅಕ್ಕ ಅವಳನ್ನು ಮೇಡಂ ಎನ್ನುತ್ತಿದ್ದಳು, ಒಳಗೆ ಪುಟ್ಟಿ. ಪುಟ್ಟಿಗೆ ಮೂವತ್ನಾಲ್ಕು ವಯಸ್ಸು. ಅಕ್ಕನ ಮೇಜಿನ ಕೆಳಗೆ ಕೂತು ಮುರಿದ ಚಕ್ರಗಳನ್ನು ಪೋಣಿಸಿ ಆಡಿ ಬೆಳೆದವಳು. ಇಪ್ಪತ್ನಾಲ್ಕು ಗಂಟೆ ಎಡೆಬಿಡದೆ ಓಡುವ ರೇಸುಗಳಿಗೆಂದೇ ಕಟ್ಟುತ್ತಾರಲ್ಲ, ಎಂಜಿನ್ನೂ ಬ್ಯಾಟರಿಯೂ ಎರಡೂ ಇರುವ ಈ ಕಾಲದ ಕಾರುಗಳು, ಅಂಥದ್ದೊಂದನ್ನು ಸ್ಲಾಟ್ ಕಾರು ಮಾಡಬೇಕೆಂದು ಮೂರು ವರ್ಷ ತಲೆ ಕೆಡಿಸಿಕೊಂಡಿದ್ದಳು. ನೆಲಕ್ಕೆ ಅಂಟಿದಂಥ ಮೂಗು, ಮೀನಿನ ತಲೆಯಂತೆ ಮುಚ್ಚಿದ ಡ್ರೈವರ್ ಕೋಣೆ, ಬೆನ್ನ ಮೇಲೆ ಉದ್ದಕ್ಕೂ ಎದ್ದು ನಿಂತ ಒಂದು ತೆಳ್ಳನೆ ರೆಕ್ಕೆ, ಹಿಂದೆ ಅಡ್ಡಕ್ಕೆ ಇನ್ನೊಂದು ಅಗಲವಾದ ರೆಕ್ಕೆ. ಮುಂದಿನ ದೀಪಗಳು ನಿಜವಾಗಿ ಉರಿಯುತ್ತಿದ್ದವು. ಬಾಡಿ ಎಷ್ಟು ತೆಳುವೆಂದರೆ ಬೆಳಕಿಗೆ ಹಿಡಿದರೆ ಬೆರಳ ನೆರಳು ಕಾಣುತ್ತಿತ್ತು. ಹಳೆಯ ಕಾರುಗಳಲ್ಲಿ ಮೋಟರು ಚಾಸಿಗೇ ಗಟ್ಟಿಯಾಗಿ ಕೂತಿರುತ್ತಿತ್ತು. ಇದರಲ್ಲಿ ಮೋಟರಿಗೆ ಬೇರೆಯೇ ಒಂದು ತೊಟ್ಟಿಲು, ಆ ತೊಟ್ಟಿಲು ಮೂರು ಸ್ಕ್ರೂಗಳ ಮೇಲೆ ಚಾಸಿಗೆ ಸೇರುತ್ತಿತ್ತು. ಬಣ್ಣದಣ್ಣ ಅದಕ್ಕೆ ಕಡುನೀಲಿ ಹೊಡೆದು ಬಿಳಿ ಪಟ್ಟೆ ಎಳೆದಿದ್ದ. ನೋಡಿದವರಿಗೆ ಕೈಯಿಂದ ಕೆಳಗಿಡಲು ಮನಸ್ಸು ಬರುತ್ತಿರಲಿಲ್ಲ.

ಅಂದವಾಗಿದ್ದರೆ ಸಾಲದು. ಅಲ್ಲಿ ಯಾವ ಹೊಸ ಕಾರೂ ಸಾವಿರ ರೌಂಡು ಓಡದೆ ಹೊರಗೆ ಹೋಗುವಂತಿರಲಿಲ್ಲ. ಮೇಲಿನ ಅಂತಸ್ತಿನ ಟ್ರ್ಯಾಕಿನಲ್ಲಿ, ಅಕ್ಕನ ಬೆರಳಿನಲ್ಲಿ, ಪೂರ್ತಿ ವೇಗದಲ್ಲಿ ಸಾವಿರ ರೌಂಡು. ಮಧ್ಯೆ ಒಂದು ಸಲ ಹಾರಿದರೂ ಲೆಕ್ಕ ಮತ್ತೆ ಸೊನ್ನೆಯಿಂದ. ಇದಕ್ಕೆ ಸುಮಾರು ಒಂದೂ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಶುಕ್ರವಾರ ಇವರ ಕಾರು ಮಾರುವ ಅಂಗಡಿಯವರೆಲ್ಲ ಹೊಸದನ್ನು ನೋಡಲು ಬರುವವರಿದ್ದರು. ಅವರು ಮಾತು ಕೇಳುವ ಜನವಲ್ಲ, ಟ್ರಿಗರ್ ಕೇಳುವ ಜನ. ಅವರ ಕೈಯಲ್ಲಿ ಕಾರು ಹಾರಿದರೆ ಪುಟ್ಟಿಯ ಮೂರು ವರ್ಷ ನೀರಲ್ಲಿ ಹೋಮ.

ಸೋಮವಾರ ಸಾವಿರ ರೌಂಡು ಶುರುವಾಯಿತು. ನಲವತ್ತನೆಯ ರೌಂಡಿಗೆ ಕಾರು ಅತ್ತೆ ತಿರುವಿನಲ್ಲಿ ಹಾರಿತು.

ಅತ್ತೆ ತಿರುವು ಎಂದರೆ ಟ್ರ್ಯಾಕಿನ ಆರನೆಯ ತಿರುವು. ದೂರದಿಂದ ಸೌಮ್ಯವಾಗಿ ಕಾಣುತ್ತದೆ, ಒಳಗೆ ಹೋದಮೇಲೆ ಬಿಗಿಯಾಗುತ್ತಾ ಹೋಗುತ್ತದೆ. ಹೆಸರಿಟ್ಟವನು ಬಣ್ಣದಣ್ಣ. ಅವನ ಅತ್ತೆ ಒಮ್ಮೆ ಕಾರ್ಖಾನೆ ನೋಡಲು ಬಂದಾಗ, ಆ ತಿರುವಿಗೆ ಹೆಸರೇ ಇಲ್ಲ ಎಂದು ಹನ್ನೊಂದು ಜನವೂ ಒಂದೇ ಬಾಯಲ್ಲಿ ಹೇಳಿದ್ದರು.

ಮೊದಲ ಸಲ ಹಾರಿದಾಗ ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. "ಹೊಸದು. ಇನ್ನೂ ನಾಚಿಕೆ" ಎಂದಳು. ಎರಡನೆಯ ಸಲ ಇನ್ನೂರ ಹನ್ನೆರಡಕ್ಕೆ ಹಾರಿತು. ಮೂರನೆಯ ಸಲ ಏಳಕ್ಕೇ. ಪ್ರತಿ ಸಲವೂ ಅದೇ ತಿರುವು, ಅದೇ ಕಟಕಟ ಸದ್ದು, ಆಮೇಲೆ ಗಾಳಿಯಲ್ಲಿ ಕಡುನೀಲಿ. ಪರೀಕ್ಷೆಗೆಂದು ಜೋಡಿಸಿದ್ದ ಆರು ಕಾರುಗಳದೂ ಅದೇ ಕಥೆ.

ಅಕ್ಕ ಸ್ಲೇಟು ತಂದು ಅನುಮಾನಗಳ ಪಟ್ಟಿ ಬರೆದಳು. ಟೈರು. ಮೂಗಿನ ನಾಲಿಗೆ. ಕರೆಂಟು ಹತ್ತಿಸುವ ತಾಮ್ರದ ಕುಚ್ಚು. ಗೇರು. ಚಕ್ರದ ಅಚ್ಚು. ಕಾರನ್ನು ಪಟ್ಟಿಗೆ ಹಿಡಿದಿಡುವ ಅಯಸ್ಕಾಂತ. ಮೋಟರು. ಟ್ರ್ಯಾಕಿನ ಸಂದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿ ಓಡಿಸಬೇಕು, ಹಾರಿದರೆ ಒರೆಸಬೇಕು. ಹಿಂದಿನ ಚಕ್ರದ ಮೇಲಿನ ಗೂಡಿನೊಳಗೆ ಅವಳಿಗೆ ಕೂದಲೆಳೆಯಂಥ ಒಂದು ಕಪ್ಪು ಗೀರು ಕಂಡಿತು. ಟೈರು ಬಾಡಿಗೆ ಉಜ್ಜುತ್ತಿದೆ ಎಂದು ಗೊತ್ತಾಯಿತು. "ಟೈರು ದಪ್ಪ ಆಯ್ತು" ಎಂದು ತೀರ್ಪು ಕೊಟ್ಟಳು. ಮಂಗಳವಾರವಿಡೀ ಟೈರು ಸವೆಸಿದರು. ಆದರೂ ಹಾರಿತು. ಪುಟ್ಟಿ ತನ್ನ ನಕ್ಷೆಯನ್ನು ಮೂರು ಸಲ ಅಳೆದಳು. ತನ್ನ ಬಣ್ಣದ ಭಾರವೇ ಹೆಚ್ಚಾಯಿತೇನೋ ಎಂದು ಬಣ್ಣದಣ್ಣನೂ ಒಂದು ಕಾರನ್ನು ತಕ್ಕಡಿಯಲ್ಲಿಟ್ಟು ನೋಡಿದ. ಹನ್ನೊಂದು ಜನ ಕಾರನ್ನು ಮೇಲೆ ಕೆಳಗೆ ಮಾಡಿ ಎಲ್ಲವನ್ನೂ ಅನುಮಾನಿಸಿದರು. ಪ್ರತಿ ಸಲ ಬಿಚ್ಚಿ ಜೋಡಿಸಿದಾಗಲೂ ಅಕ್ಕ ನಾಲ್ಕು ಸ್ಕ್ರೂಗಳನ್ನು ಬಿಗಿದು ಅರ್ಧ ಸುತ್ತು ಬಿಡುತ್ತಿದ್ದಳು, ಎಲ್ಲರೂ ನೋಡುತ್ತಲೇ ಇದ್ದರು.

ಬುಧವಾರ ಸಂಜೆ ಮನೆಗೆ ಬಂದಾಗ ಅವಳ ಮುಖ ನೋಡಿಯೇ ಗಂಡ ಚಹಾಕ್ಕೆ ನೀರಿಟ್ಟ. ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಇಡೀ ಸ್ಲೇಟನ್ನು ಬಾಯಿಪಾಠ ಒಪ್ಪಿಸಿದಳು.

"ಎಲ್ಲಾ ನೋಡಿದ್ದಾಯ್ತಾ?" ಎಂದ ಅವನು.

"ಎಲ್ಲಾ ನೋಡಿದ್ದಾಯ್ತು."

"ನಮ್ಮ ಬಸ್ಸು ಒಂದು ಕಡೆ ಎಳೀತಿದೆ ಅಂದ್ರೆ ಡಿಪೋದವರು ಮೊದಲು ಕೇಳೋದು, ನೀನು ಹ್ಯಾಗೆ ಹಿಡಿದಿದ್ದೆ ಅಂತ. ನಿನ್ನ ಕೈ ನೋಡ್ಕೊಂಡ್ಯಾ?"

"ನನ್ನ ಕೈಗೇನಾಗಿದೆ?" ಅಕ್ಕ ಕೆಂಡಾಮಂಡಲವಾದಳು. "ಮೂವತ್ತೊಂದು ವರ್ಷದ ಕೈ ಇದು!"

"ಅದರಲ್ಲಿ ಅರ್ಧ ನನ್ನದು" ಎಂದ ಅವನು, ತಣ್ಣಗೆ ಚಹಾ ಸೋಸುತ್ತ. "ಅವತ್ತು ಸಿನಿಮಾಗೆ ಕರೆದವನು ನಾನು."

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಅವತ್ತು ಲೋಟ ತೆಗೆದುಕೊಂಡು ಕಿಟಕಿಯ ಕಡೆ ತಿರುಗಿ ಕುಳಿತಳು.

ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಸ್ಲೇಟಿನಲ್ಲಿ ಬರೆದದ್ದೆಲ್ಲ ಒರೆಸಿ ಹೋಗಿತ್ತು. ಅಂಗಡಿಯವರು ಬರಲು ಒಂದು ದಿನವೂ ಉಳಿದಿರಲಿಲ್ಲ. ಪುಟ್ಟಿ ತಲೆಯ ಮೇಲೆ ಕೈ ಹೊತ್ತು ಟ್ರ್ಯಾಕಿನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದಳು. ಆಗ ಬಣ್ಣದಣ್ಣ ಕೆಳಗಿನಿಂದ ಏದುಸಿರು ಬಿಡುತ್ತ ಬಂದ. ಅವನ ಕೈಯಲ್ಲಿ ಗಾಜಿನ ಪೆಟ್ಟಿಗೆಯ ಕಾರಿತ್ತು. ಬಾಗಿಲ ಬಳಿ ಪ್ರದರ್ಶನಕ್ಕೆ ಇಟ್ಟಿದ್ದ ಕಾರು ಅದು, ಫೋಟೋ ತೆಗೆಸಲೆಂದು ಎಲ್ಲಕ್ಕಿಂತ ಮೊದಲು ತಯಾರಾದದ್ದು. ಅಕ್ಕ ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ್ದ ದಿನ ಅವನೇ ಅದನ್ನು ಜೋಡಿಸಿದ್ದ.

"ಎಲ್ಲಾ ನೋಡಿದ್ದಾಯ್ತಲ್ಲ, ಇದನ್ನೂ ಒಂದು ಕೈ ನೋಡಿಬಿಡಕ್ಕ" ಎಂದ.

"ಅದು ಅಲಂಕಾರದ್ದು. ಓಡಿಸಿ ಗೀರು ಬಿದ್ರೆ ಆಮೇಲೆ ಅಳೋನು ನೀನೇ."

"ಬೀಳ್ಲಿ ಬಿಡು. ಬಣ್ಣ ನನ್ನದು, ಗೀರೂ ನನ್ನದು."

ಅಕ್ಕ ಒಲ್ಲದ ಮನಸ್ಸಿನಿಂದ ಟ್ರಿಗರ್ ಒತ್ತಿದಳು. ಒಂದು ರೌಂಡು. ಎರಡು. ಅತ್ತೆ ತಿರುವಿನಲ್ಲಿ ಅವಳ ಬೆರಳು ತಾನಾಗಿ ಹೆದರಿ ಸಡಿಲವಾಯಿತು. ಆದರೆ ಕಟಕಟ ಸದ್ದಿಲ್ಲ. ಮುಂದಿನ ಸಲ ಅಷ್ಟು ಸಡಿಲಿಸಲಿಲ್ಲ. ಅದರ ಮುಂದಿನ ಸಲ ಪೂರ್ತಿ ವೇಗದಲ್ಲೇ ಬಿಟ್ಟಳು. ಕಾರು ಹಳಿಯ ಮೇಲೆ ಹೋದ ಹಾಗೆ ಹೋಯಿತು. ಐವತ್ತು ರೌಂಡು. ನೂರು. ಪುಟ್ಟಿ ಬೆಂಚಿನಿಂದ ಎದ್ದು ನಿಂತಳು.

"ಅಕ್ಕ! ಇದರಲ್ಲಿ ಏನು ಬೇರೆ? ಮೋಟರೂ ಅದೇ, ಗೇರೂ ಅದೇ... ಟೈರು! ಇದರ ಟೈರು ಮೊದಲಿನ ಕಂತಿನದ್ದು ಅಲ್ವಾ? ಆ ರಬ್ಬರೇ ಬೇರೆ ಇರಬೇಕು. ನಾನೀಗಲೇ ಹೋಗಿ ನೋಡ್ತೀನಿ."

ಅವಳು ಧಡಧಡ ಮೆಟ್ಟಿಲಿಳಿದು ಹೋದಳು. ಅಕ್ಕ ಕಾರನ್ನು ಎತ್ತಿ ಮಗುಚಿ ಹಿಡಿದಳು. ಕನ್ನಡಕ ಏರಿಸಿಕೊಂಡಳು. ಸಣ್ಣ ಸ್ಕ್ರೂಡ್ರೈವರ್ ತೆಗೆದು ಮೊದಲ ಸ್ಕ್ರೂವಿಗೆ ಇಟ್ಟು ಮುಂದಕ್ಕೆ ತಿರುಗಿಸಿ ನೋಡಿದಳು. ಅಲುಗಲಿಲ್ಲ. ಎರಡನೆಯದು, ಇಲ್ಲ. ಮೂರನೆಯದು, ನಾಲ್ಕನೆಯದು, ಅವೂ ಇಲ್ಲ. ಬಾಡಿ ಚಾಸಿಗೆ ಕಚ್ಚಿ ಕೂತಿತ್ತು, ನಾಲ್ಕೂ ಕಡೆ ಪೂರ್ತಿ ಬಿಗಿ.

ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಈ ತೆಳು ಬಾಡಿಯನ್ನು ಅರ್ಧ ಸುತ್ತು ಸಡಿಲ ಬಿಟ್ಟರೆ ಅದು ತಿರುವಿನಲ್ಲಿ ಒಂದು ಕಡೆಗೆ ಜಗ್ಗಿ ಟೈರಿಗೆ ತಾಗುತ್ತದೆ. ಟೈರು ತಡೆಯುತ್ತದೆ, ಕಾರು ಹಾರುತ್ತದೆ. ತಪ್ಪು ರಬ್ಬರಿನದಲ್ಲ, ನಕ್ಷೆಯದಲ್ಲ. ಮೂರು ದಿನ ಹನ್ನೊಂದು ಜನರನ್ನು ಕುಣಿಸಿದ್ದು ತನ್ನ ಅರ್ಧ ಸುತ್ತು.

ಬಣ್ಣದಣ್ಣ ಕಿಟಕಿಯ ಹತ್ತಿರ ನಿಂತು ಉಗುರಿಗಂಟಿದ ಬಣ್ಣ ಕೆರೆಯುತ್ತಿದ್ದ.

ಸುಮ್ಮನಿರಬಹುದಿತ್ತು. ಪುಟ್ಟಿಯೇ ಸುಳ್ಳನ್ನು ತಟ್ಟೆಯಲ್ಲಿಟ್ಟು ಕೊಟ್ಟು ಹೋಗಿದ್ದಳು. ಟೈರು ಎಂದರೆ ಮುಗಿಯಿತು. ಹಳೆ ರಬ್ಬರು ಹಾಕಿಸಿ, ಯಾರಿಗೂ ಕಾಣದ ಹಾಗೆ ಸ್ಕ್ರೂ ಬಿಗಿದು, ನಾಳೆ ಅಂಗಡಿಯವರ ಮುಂದೆ ತಲೆಯೆತ್ತಿ ನಿಲ್ಲಬಹುದಿತ್ತು. ಅಕ್ಕನ ಮನಸ್ಸು ಆ ದಾರಿಯಲ್ಲಿ ನಾಲ್ಕು ಹೆಜ್ಜೆ ಹೋಗಿಯೂ ಬಂತು, ಸುಳ್ಳೇಕೆ. ಆದರೆ ಗೋಡೆಗೆ ಒರಗಿಸಿದ್ದ ಹೊಸ ಕಾರಿನ ಡಬ್ಬಿಗಳ ಮೇಲೆ ಅವಳ ಕಣ್ಣು ಬಿತ್ತು. ಒಂದೊಂದು ಡಬ್ಬಿಯಲ್ಲೂ ಒಂದು ಹಾಳೆ, ಒಂದೊಂದು ಹಾಳೆಯಲ್ಲೂ ಆ ಸಾಲು. ಯಾವುದೋ ಮನೆಯಲ್ಲಿ ಯಾರೋ ಒಬ್ಬರು ರಜೆಯ ದಿನ ಕಾರು ಬಿಚ್ಚಿ ಒರೆಸಿ, ಅವಳ ಹೆಸರು ಓದಿ, ನಂಬಿ, ಅರ್ಧ ಸುತ್ತು ಬಿಡುತ್ತಾರೆ. ಕಾರು ಹಾರುತ್ತದೆ. ಅವರು ಅಕ್ಕನನ್ನು ಬೈಯುವುದಿಲ್ಲ, ತಮ್ಮ ಬೆರಳನ್ನೇ ಬೈದುಕೊಳ್ಳುತ್ತಾರೆ. ಅದು ಅವಳಿಗೆ ತಡೆಯಲಾಗಲಿಲ್ಲ.

ಪುಟ್ಟಿ ಎರಡು ಕೈಯಲ್ಲೂ ಟೈರು ಹಿಡಿದು ಮೇಲೆ ಬಂದಳು.

"ಟೈರಲ್ಲ ಪುಟ್ಟಿ" ಎಂದಳು ಅಕ್ಕ. "ನನ್ನ ಅರ್ಧ ಸುತ್ತು."

"ಏನಕ್ಕ ಹೇಳ್ತಿದ್ದೀರಿ?"

"ಕೂತ್ಕೋ. ಇನ್ನೂ ಒಂದಿದೆ, ಅದನ್ನೂ ಕೇಳು." ಆಮೇಲೆ ನಿಂತ ಕಾಲಲ್ಲೇ ಎಲ್ಲ ಹೇಳಿಬಿಟ್ಟಳು. ಶನಿವಾರ, ಸಿನಿಮಾ, ನಲವತ್ತು ಕಾರು, ಯಜಮಾನರ ಮುಂದೆ ಬಾಯಿಗೆ ಬಂದ ಸುಳ್ಳು. "ನಾನು ಕಂಡುಹಿಡಿದದ್ದು ಏನೂ ಇಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಓಡಿಹೋದವಳು ನಾನು. ನಿಮ್ಮಪ್ಪ ಪಾಪ, ನಂಬಿಬಿಟ್ರು. ನಂಬಿಕೊಂಡೇ ಹೋದ್ರು. ಇದನ್ನ ಅವರ ಮುಂದೆ ಹೇಳಬೇಕಿತ್ತು, ಧೈರ್ಯ ಬರಲಿಲ್ಲ."

ಪುಟ್ಟಿ ಟೈರುಗಳನ್ನು ಬೆಂಚಿನ ಮೇಲಿಟ್ಟಳು. ಕಿಟಕಿಯ ಕಡೆಯಿಂದ ಬಣ್ಣದಣ್ಣ ಕೆಮ್ಮಿದ.

"ನಂಬಿರಲಿಲ್ಲ" ಎಂದ.

ಇಬ್ಬರೂ ತಿರುಗಿ ನೋಡಿದರು.

"ಯಜಮಾನ್ರು ನಂಬಿರಲಿಲ್ಲ ಅಕ್ಕ. ಶನಿವಾರ ರಾತ್ರೀನೇ ನಿನ್ನ ಮೇಜು ನೋಡಿದ್ರು. ಭಾನುವಾರ ನನ್ನನ್ನ ಮನೆಯಿಂದ ಎಬ್ಬಿಸಿ ಕರ್ಕೊಂಡು ಬಂದ್ರು, ಬಿಗಿ ಮಾಡೋಣ ಬಾ ಅಂತ. ಬಿಗಿ ಮಾಡೋಕೆ ಮುಂಚೆ ಒಂದನ್ನ ಸುಮ್ನೆ ಓಡಿಸಿ ನೋಡಿದ್ರು. ಅಲ್ಲಿಂದ ಶುರುವಾಯ್ತು ನೋಡು. ನಿನ್ನ ಕಾರುಗಳಲ್ಲಿ ಒಂದರದ್ದು ಕಾಲು ಸುತ್ತು ಸಡಿಲ, ಇನ್ನೊಂದರದ್ದು ಪೂರ್ತಿ ಸುತ್ತು, ಒಂದಂತೂ ಎತ್ತಿದ್ರೆ ಬಾಡಿ ಕೈಗೇ ಬಂತು. ಬೇಕು ಅಂತ ಮಾಡಿದವರು ನಲವತ್ತು ಥರ ಮಾಡ್ತಾರಾ? ಇಬ್ಬರೂ ಕೂತು ನಲವತ್ತನ್ನೂ ಓಡಿ‌ಸಿದ್ವಿ. ಸಂಜೆ ಹೊತ್ತಿಗೆ ಗೊತ್ತಾಯ್ತು, ಅರ್ಧ ಸುತ್ತಿನವು ಎಲ್ಲಕ್ಕಿಂತ ಮೇಲು ಅಂತ."

"ಮತ್ತೆ ಸೋಮವಾರ ನನ್ನನ್ನ ಯಾಕೆ ಕೇಳಿದ್ರು?"

"ಬೈಯೋಕೇ ಕರೆದಿದ್ರು. ನಿನ್ನ ಮುಖ ನೋಡಿ ಬೈಗುಳ ನುಂಗಿಬಿಟ್ರು. ಆಮೇಲೆ ನನ್ನ ಹತ್ರ ಅಂದ್ರು, ಆ ಹುಡುಗಿ ಕೈ ಚೆನ್ನಾಗಿದೆ, ಈಗ ಬೈದ್ರೆ ನಾಳೆಯಿಂದ ಪ್ರತಿ ಸ್ಕ್ರೂಗೂ ನಡುಗುತ್ತೆ, ಅವಳದ್ದೇ ಅಂತಿರಲಿ ಬಿಡು. ಯಾರಿಗೂ ಹೇಳ್ಬೇಡ ಅಂತ ಮಾತು ತಗೊಂಡ್ರು."

"ನೀನು? ನೀನು ಮೂವತ್ತೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆಯಾ?"

"ಯಾಕೆ, ನನಗೆ ಬೀಗ ಹಾಕೋಕೆ ಬರಲ್ವಾ?" ಎಂದ ಬಣ್ಣದಣ್ಣ, ಕೊಂಚ ನೊಂದವನ ಹಾಗೆ. "ಗಾಜಿನ ಪೆಟ್ಟಿಗೆ ಕಾರನ್ನ ನಾನೇ ಬಿಗಿದಿದ್ದು. ಫೋಟೋದಲ್ಲಿ ಸಂದು ಕಾಣಬಾರದು ಅಂತ. ಇವತ್ತು ಬೆಳಿಗ್ಗೆ ಬ್ರಷ್ ತೊಳೀತಿದ್ದಾಗ ಅದು ನೆನಪಿಗೆ ಬಂತು. ಬಾಯಿಬಿಟ್ಟು ಹೇಳೋ ಹಾಗಿಲ್ಲ, ಮಾತು ಕೊಟ್ಟಿದ್ದೀನಿ. ಕಾರು ಓಡಿಸೋಕೆ ಯಾರಪ್ಪಣೆ?"

ಅಕ್ಕನಿಗೆ ಮೊದಲು ಬಂದದ್ದು ಸಿಟ್ಟು. "ಇಬ್ಬರೂ ಸೇರಿ ನನ್ನನ್ನ ಗೊಂಬೆ ಮಾಡಿ ಕೂರಿಸಿದ್ರಾ?" ಎಂದಳು. ಆಮೇಲೆ ದೊಡ್ಡ ಯಜಮಾನರು ಅವತ್ತು ತನ್ನ ಮುಖ ನೋಡುತ್ತ ನಿಂತಿದ್ದದ್ದು ನೆನಪಾಯಿತು. ಆ ನೋಟ ನಂಬಿದವರ ನೋಟ ಎಂದು ಇಷ್ಟು ವರ್ಷ ಅಂದುಕೊಂಡಿದ್ದಳು. ಕಣ್ಣಲ್ಲಿ ನೀರು ಬಂತು. ಅದರ ಹಿಂದೆಯೇ ನಗು ಬಂತು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ದೊಡ್ಡ ಯಜಮಾನರ ಮೇಲೆ ಇಷ್ಟು ಪ್ರೀತಿ ಅವರು ಬದುಕಿದ್ದಾಗಲೂ ಉಕ್ಕಿರಲಿಲ್ಲ. ಎದೆಯ ಮುಳ್ಳು ಹೋಗಿತ್ತು.

"ಸರಿ. ಯಜಮಾನ್ರು ಭಾನುವಾರ ಏನು ಮಾಡಿದ್ರೋ ಅದನ್ನ ನಾನು ಇವತ್ತು ಮಾಡ್ತೀನಿ" ಎಂದು ಕನ್ನಡಕ ಏರಿಸಿಕೊಂಡಳು. "ಪುಟ್ಟಿ, ಆ ಆರೂ ಕಾರು ತಾ. ಅಣ್ಣ, ನಿನ್ನ ಬಾಯಿ ಬಿಚ್ಚಿದ್ದು ಸಾಕು, ಸೀಮೆಸುಣ್ಣ ಕೊಡು."

ಆರು ಕಾರುಗಳ ಮೂಗಿನ ಮೇಲೂ ಒಂದೊಂದು ಗುರುತು. ಒಂದರ ಬಾಡಿ ಪೂರ್ತಿ ಬಿಗಿ, ಒಂದರದು ಅರೆಕಾಲು ಸುತ್ತು ಸಡಿಲ, ಒಂದರದು ಕಾಲು, ಹೀಗೆ. ಒಂದೊಂದನ್ನೂ ಅತ್ತೆ ತಿರುವಿಗೆ ಅಟ್ಟಿದಳು. ಸಡಿಲವಾದಷ್ಟೂ ಕಟಕಟ ಹೆಚ್ಚು, ಬಿಗಿಯಾದದ್ದೇ ಮೇಲು. ಪುಟ್ಟಿಗೆ ಅಷ್ಟು ಸಾಕಾಗಿತ್ತು. ಅಕ್ಕನಿಗೆ ಸಾಲಲಿಲ್ಲ. ಬಿಗಿ ಕಾರು ಹಾರುವುದಿಲ್ಲ, ನಿಜ. ಆದರೆ ಬೆರಳಿನ ತುದಿಯಲ್ಲಿ ಏನೋ ಒಂದು ಮೊಂಡು, ಎಳೆದರೆ ಬರುವ, ಕರೆದರೆ ಬಾರದ ಹಾಗೆ. ಅವಳು ಕಾರನ್ನು ಮಗುಚಿ ಹಿಡಿದು ಬಹಳ ಹೊತ್ತು ನೋಡಿದಳು. ಅಲುಗಬೇಕಾದ್ದು ಬಾಡಿಯಲ್ಲದಿದ್ದರೆ ಇನ್ನಾವುದು? ಮೋಟರಿನ ತೊಟ್ಟಿಲು. ಅದನ್ನು ಹಿಡಿದ ಮೂರು ಸ್ಕ್ರೂಗಳನ್ನು ಇಷ್ಟು ದಿನ ಯಾರೂ ಸಡಿಲ ಬಿಟ್ಟು ನೋಡಿರಲಿಲ್ಲ. ತೊಟ್ಟಿಲು ಅಂತ ಹೆಸರಿಟ್ಟು ಅಲುಗದ ಹಾಗೆ ಕಟ್ಟಿಹಾಕಿದ್ದೀವಲ್ಲ ಎಂದು ಗೊಣಗುತ್ತ ಅರ್ಧ ಸುತ್ತು ಬಿಟ್ಟಳು. ಹಿಂಭಾಗ ಓಲಾಡಿತು. ಕಾಲು ಸುತ್ತಿಗೆ ತಂದಳು. ಟ್ರಿಗರ್ ಒತ್ತಿದಳು.

ಕಾರು ಅತ್ತೆ ತಿರುವಿನೊಳಗೆ ಹೋಗಿ, ಮೈ ಒಂಚೂರು ಬಾಗಿಸಿ, ಹಿಂದಿಗಿಂತ ವೇಗವಾಗಿ ಆಚೆ ಬಂತು. ಅಕ್ಕನ ಬೆರಳಿಗೆ ಮೊದಲು ತಿಳಿಯಿತು, ಆಮೇಲೆ ಅವಳಿಗೆ.

"ಗಡಿಯಾರ ನೋಡ್ಕೊಳ್ಳಿ" ಎಂದಳು. "ಸೊನ್ನೆಯಿಂದ."

ಆಗ ಗಂಟೆ ಐದು. ಇನ್ನೂರರ ಹೊತ್ತಿಗೆ ಕೆಳಗಿನವರು ಒಬ್ಬೊಬ್ಬರೇ ಮೇಲೆ ಬಂದರು. ಐನೂರರ ಹೊತ್ತಿಗೆ ಸಂಜೆ ಬೆಳಕು ಇಳಿದು ಕಾರಿನ ಪುಟ್ಟ ದೀಪಗಳು ಟ್ರ್ಯಾಕಿನ ಮೇಲೆ ಕಾಣತೊಡಗಿದವು. ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದ ಗಂಡ ಬಾಗಿಲಲ್ಲಿ ನಿಂತ. ಏನೋ ಹೇಳಲು ಬಾಯಿ ತೆರೆದವನು ಅವಳ ಬೆರಳು ನೋಡಿ ಮುಚ್ಚಿಕೊಂಡ. ಒಂಬೈನೂರು ದಾಟಿದ ಮೇಲೆ ಅಲ್ಲಿ ಉಸಿರಾಡುವವರೇ ಇರಲಿಲ್ಲ. ಅಕ್ಕ ಮಾತ್ರ ಅಕ್ಕಿ ಆರಿಸುವವಳ ಹಾಗೆ ನಿರಾಳವಾಗಿದ್ದಳು. ಸಾವಿರಕ್ಕೆ ಬಣ್ಣದಣ್ಣ ಹಾಕಿದ ಕೇಕೆಗೆ ಕೆಳಗಿನ ಪ್ಲೈವುಡ್ ಅಂಗಡಿಯವರು ಬೆಂಕಿ ಬಿತ್ತೇನೋ ಎಂದು ಓಡಿ ಬಂದರು.

ಮಾರನೆಯ ದಿನ ಅಂಗಡಿಯವರು ಬಂದರು, ಒಬ್ಬೊಬ್ಬರೂ ಟ್ರಿಗರ್ ಹಿಡಿದರು. ಎಲ್ಲದಕ್ಕೂ ಮೂಗು ಮುರಿಯುವ ಒಬ್ಬ ಹಿರಿಯರಿದ್ದರು. ಅವರು ಅತ್ತೆ ತಿರುವಿನಲ್ಲಿ ಬೇಕೆಂದೇ ಮೂವತ್ತು ಸಲ ಪೂರ್ತಿ ಒತ್ತಿ ನೋಡಿ, ಟ್ರಿಗರ್ ಬೇರೆಯವರಿಗೆ ಕೊಡಲು ಒಪ್ಪಲಿಲ್ಲ. ಕೊನೆಗೆ ಪುಟ್ಟಿಯೇ ಬಿಡಿಸಿಕೊಳ್ಳಬೇಕಾಯಿತು.

ಸಂಜೆ ಎಲ್ಲರೂ ಹೋದಮೇಲೆ ಪುಟ್ಟಿ ಹೊಸ ಸೂಚನೆ ಹಾಳೆಯ ಕರಡು ಹಿಡಿದು ಅಕ್ಕನ ಮೇಜಿಗೆ ಬಂದಳು. ಡಬ್ಬಿಗಳಿಂದ ಹಳೆಯದನ್ನೆಲ್ಲ ತೆಗೆಸಿಯಾಗಿತ್ತು. "'ಬಾಡಿ ಪೂರ್ತಿ ಬಿಗಿ, ಮೋಟರಿನ ತೊಟ್ಟಿಲು ಕಾಲು ಸುತ್ತು ಸಡಿಲ.' ಇಷ್ಟು ಬರೆದಿದ್ದೀನಿ ಅಕ್ಕ" ಎಂದಳು. ಆಮೇಲೆ ತಡವರಿಸಿದಳು. "ನಿಮ್ಮ ಹೆಸರು... ಹಾಕ್ಲಾ? ಬೇಡ್ವಾ?"

ಅಕ್ಕ ಹಾಳೆ ತೆಗೆದುಕೊಂಡು ಎರಡು ಸಲ ಓದಿದಳು. ಕಿವಿಯ ಹಿಂದಿನ ಪೆನ್ಸಿಲು ತೆಗೆದು 'ಕಾಲು ಸುತ್ತು' ಎಂಬುದರ ಹಿಂದೆ ತಾನೇ 'ಅಕ್ಕನ' ಎಂದು ಸೇರಿಸಿದಳು, ಅಕ್ಷರ ದಪ್ಪಗೆ.

"ಇದು ನನ್ನದು. ಹಾಕು" ಎಂದಳು. "ಹಾಗೇ ಹಳೇ ಕಾರುಗಳ ಹಾಳೆ ಇದೆಯಲ್ಲ, ಅದನ್ನೂ ತಿದ್ದಿಸು. ಅಲ್ಲಿ 'ಯಜಮಾನರ ಅರ್ಧ ಸುತ್ತು' ಅಂತ ಆಗಬೇಕು."